ಹಳೆ ಅಡುಗೆಮನೆಯಲ್ಲಿ ಕೂರುವ ಮೂಲೆ: ಕೊಡಗಿನ ಮಳೆಗೆ ನಿಲ್ಲುವಂತೆ ಮಾಡಿಸುವ ಬಗೆ

ಕೊಡಗಿನ ಹಳೆ ಹಂಚಿನ ಮನೆಗಳಲ್ಲಿ ಅಡುಗೆಮನೆ ಬಹುಮಟ್ಟಿಗೆ ಹಿಂಬದಿಯಲ್ಲಿ, ಬರೆಯ (ಮನೆಗೆ ಜಾಗ ಮಾಡಲು ಗುಡ್ಡ ಕಡಿದ ಬದಿಯ) ಪಕ್ಕದಲ್ಲಿ ಇರುತ್ತದೆ. ಹಿಂದೆ ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ಸೌದೆ ಒಲೆ ಉರಿಯುತ್ತಿತ್ತು. ಆ ಬಿಸಿಗೆ ಗೋಡೆ ಒಣಗುತ್ತಿತ್ತು, ಹೊಗೆ ಹತ್ತಿದ ಅಟ್ಟದ ಮರದ ಹತ್ತಿರ ಹುಳು ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದು ಒಲೆ ಆರಿದ ಮೇಲೆ ಗೋಡೆ ಒಣಗಿಸುವವರು ಯಾರೂ ಇಲ್ಲದಂತಾಯಿತು. ಮೇಲಾಗಿ ಗ್ಯಾಸ್ ಉರಿದಾಗ ನೀರಾವಿಯೂ ಹೊರಬರುತ್ತದೆ. ಪೇಟೆಯ ಫ್ಲ್ಯಾಟಿನಲ್ಲಿ ಹತ್ತು ವರ್ಷ ಬಾಳುವ ಬೆಂಚು, ಮೆತ್ತೆ, ಕಪಾಟು ಇಲ್ಲಿ ಮೊದಲ ಜುಲೈಯಲ್ಲೇ ಬೂಷ್ಟು ಹಿಡಿಯುವುದಕ್ಕೆ ಕಾರಣ ಇದೇ. ಆದ್ದರಿಂದ ಈ ಕೆಲಸದಲ್ಲಿ ಡಿಸೈನರ್ ಮುಂದೆ ಇಡಬೇಕಾದ ಮೊದಲ ಬೇಡಿಕೆ ಬಣ್ಣದ್ದೂ ಅಲ್ಲ, ಆಕಾರದ್ದೂ ಅಲ್ಲ. ಯಾವ ವಸ್ತುವೂ ಗೋಡೆಗೆ, ನೆಲಕ್ಕೆ ಅಂಟಿ ಕೂರಬಾರದು, ಎಲ್ಲದರ ಹಿಂದೆಯೂ ಗಾಳಿ ಓಡಬೇಕು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಕಿಟಕಿ ಇರುವ ಒಂದು ಮೂಲೆ. ಉದ್ದನೆಯ ಗೋಡೆ 7 ಅಡಿ, ಗಿಡ್ಡ ಗೋಡೆ ಐದೂವರೆ ಅಡಿ. ನಾಲ್ವರು ಕೂತು ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ತಿಂದು ಕಾಫಿ ಕುಡಿಯುವಷ್ಟು ಜಾಗ. ನಿಮ್ಮ ಮೂಲೆ ಇದಕ್ಕಿಂತ ದೊಡ್ಡದಿರಲಿ ಚಿಕ್ಕದಿರಲಿ, ಲೆಕ್ಕದ ದಾರಿ ಇದೇ.

ಅಳತೆ ತೆಗೆಯುವುದು ಮಳೆಗಾಲದಲ್ಲಿ

ಡಿಸೈನರ್ ಮೈಸೂರಿನವರೋ ಬೆಂಗಳೂರಿನವರೋ ಆಗಿದ್ದರೆ ಮಡಿಕೇರಿಗೆ ಬರಲು ಡಿಸೆಂಬರ್ ಕೇಳುತ್ತಾರೆ. ಮೊದಲ ಭೇಟಿಯನ್ನಾದರೂ ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ ಮಾಡಿಸಿ. ಒಣಗಿದ ಗೋಡೆ ಏನನ್ನೂ ಹೇಳುವುದಿಲ್ಲ. ನೆನೆದ ಗೋಡೆ ಎಲ್ಲಿಂದ ನೀರು ಬರುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ, ಯಾವ ಹಂಚಿನ ಕೆಳಗೆ ಸೋರುತ್ತದೆ ಎಂಬುದನ್ನೆಲ್ಲ ತೋರಿಸುತ್ತದೆ. ಅವರು ಬರಲಾಗದಿದ್ದರೆ ಒದ್ದೆ ಏರಿದ ಗೆರೆಯನ್ನು ಸೀಸದಕಡ್ಡಿಯಿಂದ ಗೋಡೆಯ ಮೇಲೇ ಗುರುತಿಸಿ, ಪಕ್ಕದಲ್ಲಿ ತಾರೀಕು ಬರೆದು, ಫೋಟೊ ತೆಗೆದು ಕಳುಹಿಸಿ.

ಒದ್ದೆ ಎಲ್ಲಿಯದು ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕು ಅಂಚಿಗೂ ಟೇಪ್ ಹಚ್ಚಿ 48 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಆವಿ, ತಣ್ಣನೆಯ ಗೋಡೆಗೆ ತಾಗಿ ನೀರಾಗಿದ್ದು. ಮೊದಲನೆಯದಕ್ಕೆ ಹೊರಗಿನ ಚರಂಡಿ ಮತ್ತು ಗಾರೆಯ ಮದ್ದು ಬೇಕು, ಎರಡನೆಯದಕ್ಕೆ ಗಾಳಿ ಸಾಕು. ಎರಡನ್ನೂ ಒಂದೇ ಎಂದುಕೊಂಡು ವಾಟರ್‌ಪ್ರೂಫ್ ಪೇಂಟ್ ಬಳಿದರೆ ಬರುವ ವರ್ಷ ಅದು ಗುಳ್ಳೆ ಎದ್ದು ಸುಲಿಯುತ್ತದೆ.

ಹಳೆ ಮನೆಯ ಮೂಲೆ ಸರಿಯಾದ ಮಟ್ಟಗೋನದಲ್ಲಿ ಇರುವುದು ಅಪರೂಪ. ಗೋಡೆಯ ಉದ್ದವನ್ನು ನೆಲದ ಹತ್ತಿರ, ಒಂದೂವರೆ ಅಡಿ ಎತ್ತರದಲ್ಲಿ, ಮೂರು ಅಡಿ ಎತ್ತರದಲ್ಲಿ, ಹೀಗೆ ಮೂರು ಕಡೆ ಅಳೆಯಿರಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ ಎರಡರ ನಡುವಿನ ಓರೆ ಅಳತೆ ನೋಡಿ. ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ಅರ್ಧ ಇಂಚು, ಮುಕ್ಕಾಲು ಇಂಚು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದನ್ನು ನಕ್ಷೆಯಲ್ಲಿ ಬರೆಸಿ, ಇಲ್ಲದಿದ್ದರೆ ಪೇಟೆಯ ಕಾರ್ಖಾನೆಯಲ್ಲಿ ಮಾಡಿ ತಂದ ಪೆಟ್ಟಿಗೆ ಮೂಲೆಯೊಳಗೆ ಕೂರುವುದಿಲ್ಲ. ರೆಡ್ ಆಕ್ಸೈಡ್ ನೆಲದ ಏರಿಳಿತಕ್ಕೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಸಾಕು. ಇನ್ನೊಂದು ಮಾತು: ಡಿಸೈನರ್ ಮಿಲಿಮೀಟರಿನಲ್ಲಿ ಬರೆಯುತ್ತಾರೆ, ನಮ್ಮ ಬಡಗಿಗಳು ಇಂಚಿನಲ್ಲಿ ಕೊಯ್ಯುತ್ತಾರೆ. ನಕ್ಷೆಯಲ್ಲಿ ಎರಡೂ ಇರಲಿ.

ಡಿಸೈನರ್ ಜೊತೆ ಮೊದಲೇ ಆಗಬೇಕಾದ ಮಾತು

ಅವರು ತೋರಿಸುವ ಫೋಟೊಗಳಿಗಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಕೊಡಗಿನಲ್ಲೋ ಮಲೆನಾಡಿನಲ್ಲೋ ಮೂರು ಮಳೆಗಾಲ ಕಂಡ ನಿಮ್ಮ ಕೆಲಸ ಎಲ್ಲಿದೆ? ಆ ಮನೆಗೆ ಹೋಗಿ ಬೆಂಚಿನ ಮುಚ್ಚಳ ತೆಗೆದು ಮೂಸಿ ನೋಡಿ. ಕಪಾಟಿನ ತಳದ ಅಂಚು ಉಬ್ಬಿದೆಯೇ, ಕೀಲಿಗೆ ತುಕ್ಕು ಹಿಡಿದಿದೆಯೇ ಎಂದು ಕೈಯಾಡಿಸಿ.

ನಿಮ್ಮ ಕಡೆಯಿಂದ ಅವರಿಗೆ ಕೊಡಬೇಕಾದ್ದು ಮನೆಯವರ ದಿನಚರಿ. ಯಾರು ಯಾವ ಹೊತ್ತಿಗೆ ಕೂರುತ್ತಾರೆ, ಅತಿ ಎತ್ತರದವರು ಎಷ್ಟು ಎತ್ತರ, ಮಂಡಿನೋವಿನವರು ಇದ್ದಾರೆಯೇ. ಮಂಡಿನೋವಿರುವ ಹಿರಿಯರು ಬೆಂಚಿನ ಮೇಲೆ ಸರಿದು ಒಳಗೆ ಹೋಗಲಾರರು. ಅವರಿಗೆ ತೆರೆದ ಬದಿಯಲ್ಲಿ ಕೈಯಿರುವ ಕುರ್ಚಿಯೇ ಬೇಕು. ನೂಪುಟ್ಟು ಒತ್ತುವ ಮರದ ಸಾಧನ, ಕಡಂಬುಟ್ಟು ಬೇಯಿಸುವ ಪಾತ್ರೆ, ಹುಳಿಗೆ ಬಳಸುವ ಕಾಚಂಪುಳಿಯ ಬಾಟಲಿ, ಕರಿಮೆಣಸಿನ ಡಬ್ಬ, ಇವುಗಳ ಉದ್ದ ಅಗಲವನ್ನೂ ಬರೆದುಕೊಡಿ. ಹೊರಗಿನ ಡಿಸೈನರಿಗೆ ಇವು ಗೊತ್ತಿರುವುದಿಲ್ಲ. ಹೇಳದಿದ್ದರೆ ಜಾಗವೂ ಸಿಗುವುದಿಲ್ಲ.

ಮನೆ ಐನ್‌ಮನೆ, ಅಂದರೆ ಕೊಡವ ಕುಲದ ಮೂಲಮನೆಯಾಗಿದ್ದರೆ ಅದು ಇಡೀ ಒಕ್ಕದ (ಕುಲದ) ಸ್ವತ್ತು. ಹಿರಿಯರ ಒಪ್ಪಿಗೆ ಮೊದಲು, ನಕ್ಷೆ ಆಮೇಲೆ. ಪೂಜೆಯ ಕೋಣೆಯಾದ ಕನ್ನಿಕೋಂಬರೆಯ ಗೋಡೆಗೂ ದೀಪವಿಡುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ಕಂಬಗಳಿಗೂ ಮೊಳೆ, ಪೈಪು, ವೈರು ಯಾವುದೂ ತಾಗಕೂಡದು ಎಂದು ನಕ್ಷೆಯ ಮೇಲೇ ಬರೆಸಿ.

ಒಪ್ಪಂದದಲ್ಲಿ ಇರಬೇಕಾದ ನಕ್ಷೆಗಳು: ಮೇಲಿನಿಂದ ಕಾಣುವ ನಕ್ಷೆ, ಎರಡೂ ಗೋಡೆಯ ಎದುರುನೋಟ, ಬೆಂಚನ್ನು ಅಡ್ಡ ಸೀಳಿದಂತೆ ತೋರಿಸುವ ನಕ್ಷೆ, ವಿದ್ಯುತ್ ನಕ್ಷೆ, ಮರ ಮತ್ತು ಪ್ಲೈವುಡ್ ಕೊಯ್ಯುವ ಪಟ್ಟಿ. ಬಣ್ಣಬಣ್ಣದ ಕಂಪ್ಯೂಟರ್ ಚಿತ್ರ ಇದ್ದರೆ ಚೆಂದ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಅಡ್ಡಸೀಳು ನಕ್ಷೆ ಇಲ್ಲದಿದ್ದರೆ ನಿಲ್ಲುತ್ತದೆ, ಯಾಕೆಂದರೆ ಗೋಡೆಗೂ ಬೆಂಚಿಗೂ ನಡುವಿನ ಸಂದು ಕಾಣುವುದು ಅದರಲ್ಲಿ ಮಾತ್ರ. ಎಷ್ಟು ಸಲ ಖುದ್ದು ಬರುತ್ತಾರೆ, ಪ್ರಯಾಣದ ಖರ್ಚು ಯಾರದು, ಸಾಮಾನು ಯಾರು ಕೊಳ್ಳುತ್ತಾರೆ ಎಂಬುದೂ ಬರಹದಲ್ಲಿರಲಿ. ಕನಿಷ್ಠ ನಾಲ್ಕು ಭೇಟಿ ಬೇಕು: ಮಳೆಯಲ್ಲಿ ಒಂದು, ಗಾರೆ ಮುಗಿದಾಗ ಒಂದು, ಬೆಂಚಿನ ಚೌಕಟ್ಟು ನಿಂತಾಗ ಒಂದು, ಕೊನೆಗೊಂದು.

ಮೊದಲು ಹೊರಗಿನ ನೀರು, ಆಮೇಲೆ ಒಳಗಿನ ಮರ

ಗೋಡೆಯೊಳಗಿಂದ ಒದ್ದೆ ಬರುತ್ತಿದ್ದರೆ ಕೆಲಸ ಶುರುವಾಗಬೇಕಾದ್ದು ಮನೆಯ ಹಿಂದೆ. ಬರೆಯಿಂದ ಇಳಿದ ನೀರು ಗೋಡೆಯ ಬುಡ ಸೇರುವ ಮೊದಲೇ ಅದನ್ನು ಹಿಡಿದು ಪಕ್ಕಕ್ಕೆ ಸಾಗಿಸಬೇಕು. ಬರೆಗೂ ಗೋಡೆಗೂ ನಡುವೆ, ಗೋಡೆಯಿಂದ ಎರಡು ಅಡಿ ಬಿಟ್ಟು, ಒಂದು ಅಡಿ ಅಗಲದ ಕಾಲುವೆ ತೋಡಿ. ಅದರ ತಳ ಅಡುಗೆಮನೆಯ ನೆಲಕ್ಕಿಂತ ಒಂದು ಅಡಿ ಕೆಳಗಿರಲಿ, ಆದರೆ ಹಳೆಯ ಕಲ್ಲು ಪಾಯದ ತಳಕ್ಕಿಂತ ಕೆಳಗೆ ಇಳಿಯಬಾರದು. ತಳಕ್ಕೆ ಎರಡು ಇಂಚು ಜಲ್ಲಿ, ಅದರ ಮೇಲೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು ತೂತು ಕೆಳಮುಖವಾಗಿರುವಂತೆ ಇಟ್ಟು, ಸುತ್ತ 20 ಮಿ.ಮೀ. ಜಲ್ಲಿ ತುಂಬಿ. ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತದಿದ್ದರೆ ಎರಡು ಮಳೆಯಲ್ಲಿ ಕೆಸರು ತುಂಬಿ ಪೈಪು ಕಟ್ಟಿಕೊಳ್ಳುತ್ತದೆ. ಇಳಿಜಾರು ನೂರಕ್ಕೆ ಒಂದು, ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು.

ಎಚ್ಚರಿಕೆ: ಕಾಲುವೆಯನ್ನು ಒಮ್ಮೆಗೇ ಉದ್ದಕ್ಕೂ ತೋಡಬೇಡಿ. ಆರಾರು ಅಡಿ ತೋಡಿ, ಪೈಪು ಜಲ್ಲಿ ತುಂಬಿ, ಮುಂದೆ ಹೋಗಿ. ಜಾಗ ಸಾಲದೆಂದು ಬರೆಯ ಬುಡ ಕಡಿಯುವುದಂತೂ ಬೇಡವೇ ಬೇಡ. ಅದು ಅಡುಗೆಮನೆಯ ಮೇಲೇ ಕುಸಿಯಬಹುದು.

ಒಳಗೆ, ಹಿಂದಿನ ರಿಪೇರಿಯಲ್ಲಿ ಮಣ್ಣಿನ ಇಲ್ಲವೇ ಹಸಿ ಇಟ್ಟಿಗೆಯ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿದ್ದರೆ ನಾಲ್ಕು ಅಡಿ ಎತ್ತರದವರೆಗೆ ಅದನ್ನು ಕೆತ್ತಿ ತೆಗೆಸಿ. ಸಿಮೆಂಟು ಗಟ್ಟಿ ಚಿಪ್ಪಿನಂತೆ ಕೂತು ನೀರನ್ನು ಹೊರಬಿಡುವುದಿಲ್ಲ. ಹಿಂದಿನ ಮಣ್ಣು ಮೆದುವಾಗುತ್ತದೆ, ಒದ್ದೆ ಇನ್ನೂ ಮೇಲಕ್ಕೆ ಏರುತ್ತದೆ. ಗೋಡೆ ಕೆಲವು ವಾರ ಬರಿಮೈಯಲ್ಲಿ ಒಣಗಲಿ. ಆಮೇಲೆ ಸುಣ್ಣದ ಗಾರೆ: ಕನಿಷ್ಠ ಎರಡು ವಾರ ನೀರಿನಲ್ಲಿ ನೆನೆದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಮೊದಲ ಪದರ 10ರಿಂದ 12 ಮಿ.ಮೀ., ಅದು ಬಿಗಿದ ಮೇಲೆ ಎರಡನೆಯದು 5 ಮಿ.ಮೀ. ಒಂದು ವಾರವಾದರೂ ಒದ್ದೆ ಗೋಣಿ ಕಟ್ಟಿ ನಿಧಾನಕ್ಕೆ ಒಣಗಲು ಬಿಡಬೇಕು, ಇಲ್ಲದಿದ್ದರೆ ಕೂದಲೆಳೆಯ ಬಿರುಕು ಬರುತ್ತದೆ. ಬಲಕ್ಕಿರಲಿ ಎಂದು ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟು ಸೇರಿಸಲು ಹೊರಟರೆ ಅಲ್ಲೇ ತಡೆಯಿರಿ. ಮೇಲೆ ತೆಳ್ಳಗೆ ಮೂರು ಸಲ ಸುಣ್ಣ ಬಳಿದರೆ ಸಾಕು. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ.

ಹಳೆ ಒಲೆಯ ಮಸಿ ಕೂತ ಗೋಡೆ ಬೇರೆಯೇ ಸಮಸ್ಯೆ. ಎಣ್ಣೆಜಿಡ್ಡು ಬೆರೆತ ಮಸಿಯ ಮೇಲೆ ಏನು ಬಳಿದರೂ ಕಂದು ಕಲೆ ಮೇಲಕ್ಕೆ ಬರುತ್ತದೆ. ವಾಷಿಂಗ್ ಸೋಡಾ ಕಲಸಿದ ಬಿಸಿನೀರಿನಲ್ಲಿ ಉಜ್ಜಿ ನೋಡಿ, ಹೋಗದಿದ್ದರೆ ಆ ಭಾಗದ ಗಾರೆಯನ್ನೇ ತೆಗೆಸಿ.

ಮೂಲೆಯ ಲೆಕ್ಕ

ನಮ್ಮ 84 ಇಂಚು × 66 ಇಂಚಿನ ಮೂಲೆಯಲ್ಲಿ ಬೆಂಚಿನ ಒಟ್ಟು ಆಳ 21 ಇಂಚು. ಅದರಲ್ಲಿ ಗೋಡೆಗೂ ಬೆಂಚಿಗೂ ಸಂದು 1 ಇಂಚು, ಓರೆಯಾದ ಒರಗಿಗೆ 3 ಇಂಚು, ಕೂರಲು 17 ಇಂಚು. ಒರಗನ್ನು ಗೋಡೆಗೆ ನೇರವಾಗಿ ಮಾಡಿದರೆ ಇಂಚುಗಳೇನೋ ಉಳಿಯುತ್ತವೆ, ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಕೂರುವುದಿಲ್ಲ.

ಮೇಜು 42 × 28 ಇಂಚು. ಮೇಜಿನ ಅಂಚು ಬೆಂಚಿನ ಅಂಚಿನ ಮೇಲೆ ಎರಡೂವರೆ ಇಂಚು ಒಳಕ್ಕೆ ಬಂದಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಎರಡರ ನಡುವೆ ಸಂದು ಬಿಟ್ಟರೆ ಊಟ ಮಾಡುವವರು ಮುಂದಕ್ಕೆ ಬಾಗಬೇಕು, ಸಾರು ಮಡಿಲಿಗೆ ಬೀಳುತ್ತದೆ. ಈ ಲೆಕ್ಕದಲ್ಲಿ ಉದ್ದನೆಯ ಬದಿಯಲ್ಲಿ ಮೇಜಿನ ತುದಿಯಾಚೆ 23.5 ಇಂಚು ಉಳಿಯುತ್ತದೆ, ಒಳಹೊಕ್ಕಲು ಅಷ್ಟು ಬೇಕು. ಒಬ್ಬರಿಗೆ 21ರಿಂದ 24 ಇಂಚು ಅಗಲ ಹಿಡಿದರೆ ಉದ್ದನೆಯ ಬೆಂಚಿನಲ್ಲಿ ಇಬ್ಬರು, ಗಿಡ್ಡ ಬೆಂಚಿನಲ್ಲಿ ಒಬ್ಬರು, ತೆರೆದ ಬದಿಯ ಕುರ್ಚಿಯಲ್ಲಿ ಒಬ್ಬರು. ಎರಡು ಬೆಂಚು ಸೇರುವ ಮೂಲೆಯನ್ನು ಆಸನವೆಂದು ಎಣಿಸಬೇಡಿ, ಅಲ್ಲಿ ಕಾಲಿಗೆ ಜಾಗವಿಲ್ಲ. ಕುರ್ಚಿ ಹಿಂದಕ್ಕೆ ಎಳೆಯಲು ಮೇಜಿನ ಅಂಚಿನಿಂದ 30 ಇಂಚು, ಅದರ ಹಿಂದೆ ಓಡಾಡಲು ಇನ್ನೂ 24 ಇಂಚು ಬೇಕು.

ಎತ್ತರ: ಹಲಗೆಯ ಮೇಲ್ಮೈ ನೆಲದಿಂದ 16 ಇಂಚು, ಮೆತ್ತೆ 3 ಇಂಚು. ಕೂತಾಗ ಮೆತ್ತೆ ತಗ್ಗಿ ಸುಮಾರು 18 ಇಂಚಿಗೆ ನಿಲ್ಲುತ್ತದೆ. ಮೇಜು 30 ಇಂಚು. ಮೇಜಿನ ಅಡಿಪಟ್ಟಿ ನೆಲದಿಂದ 25 ಇಂಚಿಗಿಂತ ಕೆಳಗೆ ಇಳಿದರೆ ತೊಡೆ ತಾಗುತ್ತದೆ.

ಕೊಯ್ಯುವ ಮೊದಲು ಇದನ್ನೆಲ್ಲ ರಟ್ಟಿನಲ್ಲಿ ಮಾಡಿ ನೋಡಿ. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಬೆಂಚಿನ ಜಾಗಕ್ಕೆ ಇಟ್ಟಿಗೆ ಹಲಗೆ ಜೋಡಿಸಿ, ಮೇಜಿನ ಅಳತೆಯ ರಟ್ಟಿಟ್ಟು ಎರಡು ದಿನ ಅಲ್ಲೇ ತಿಂಡಿ ತಿನ್ನಿ. ಒಂದು ಇಂಚಿನ ತಪ್ಪು ಸಿಗುವುದು ಆಗಲೇ.

ಬೆಂಚು ಕಟ್ಟುವ ಕ್ರಮ

ಪೆಟ್ಟಿಗೆಗೆ 18 ಮಿ.ಮೀ.ನ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಅಂಟು ಬಿಡದ) ದರ್ಜೆಯ ಪ್ಲೈವುಡ್, ಹಾಳೆಯ ಮೇಲೆ ಐಎಸ್ 710 ಮುದ್ರೆ ಇರುವುದು, 8 × 4 ಅಡಿಯ ಎರಡು ಹಾಳೆ ಸಾಕು. ಐಎಸ್ 303 ಎಂದಿದ್ದರೆ ಅದು ಒಂದು ಮೆಟ್ಟಿಲು ಕೆಳಗಿನದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎಷ್ಟೇ ಅಗ್ಗವಾದರೂ ಈ ಅಡುಗೆಮನೆಯೊಳಗೆ ಬೇಡ. ಅಂಚಿನಿಂದ ನೀರು ಕುಡಿದು ಉಬ್ಬಿದ ಮೇಲೆ ಅವು ಮತ್ತೆ ಹಿಂದಿನ ರೂಪಕ್ಕೆ ಬರುವುದಿಲ್ಲ.

ಮೊದಲು ನೆಲದ ಮೇಲೆ 4 ಇಂಚು ಎತ್ತರದ ಗ್ರಾನೈಟ್ ತುಂಡುಗಳನ್ನು ಎರಡು ಅಡಿಗೊಂದರಂತೆ ಮಟ್ಟಕ್ಕೆ ಕೂರಿಸಿ, ಪ್ರತಿಯೊಂದರ ಮೇಲೂ ರಬ್ಬರ್ ಹಾಳೆ ಇಡಿ. ಪ್ಲೈವುಡ್ ನೇರವಾಗಿ ನೆಲ ಮುಟ್ಟಿದರೆ ನೆಲ ಒರೆಸುವ ನೀರೂ ಗೆದ್ದಲೂ ಅದೇ ದಾರಿಯಲ್ಲಿ ಮೇಲೇರುತ್ತವೆ. ಕಲ್ಲಿನ ಮೇಲೆ 12 ಇಂಚು ಎತ್ತರದ ಪೆಟ್ಟಿಗೆ, ಒಳಗೆ ಎರಡು ಅಡಿಗೊಂದು ಅಡ್ಡಗೋಡೆ. ತಳಕ್ಕೆ ಪ್ಲೈವುಡ್ ಬದಲು ಮರದ ಪಟ್ಟಿಗಳನ್ನು ಅರ್ಧ ಇಂಚು ಬಿಟ್ಟು ಬಿಟ್ಟು ಹೊಡೆಯಿರಿ. ಪೆಟ್ಟಿಗೆಯ ಬೆನ್ನಿಗೆ ಹಲಗೆ ಬೇಡ. ಕೂರುವ ಹಲಗೆಯಲ್ಲಿ ಪ್ರತಿ ಅಡಿಗೆ ನಾಲ್ಕರಂತೆ ಒಂದು ಇಂಚಿನ ತೂತು ಕೊರೆದರೆ ಮೆತ್ತೆಯ ಅಡಿಭಾಗವೂ ಉಸಿರಾಡುತ್ತದೆ. ಕೊಯ್ದ ಪ್ರತಿ ಅಂಚಿಗೂ ತೂತಿನ ಒಳಮೈಗೂ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಸಲ ಹಚ್ಚಿ. ಸ್ಕ್ರೂ, ಕೀಲು ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು.

ಮೇಲಕ್ಕೆತ್ತುವ ಮುಚ್ಚಳ ನೋಡಲು ಸರಳ, ಆದರೆ ಪ್ರತಿ ಸಲ ಮೆತ್ತೆ ತೆಗೆಯಬೇಕು, ಹಾಗಾಗಿ ಯಾರೂ ತೆಗೆಯುವುದಿಲ್ಲ, ಒಳಗಿಟ್ಟಿದ್ದಕ್ಕೆ ಬೂಷ್ಟು ಬರುತ್ತದೆ. ಮುಂಬದಿಯ ಡ್ರಾಯರ್ ಒಳ್ಳೆಯದು. ಅದರ ಮುಖಕ್ಕೆ ಸಂದು ಬಿಟ್ಟ ಪಟ್ಟಿ ಇರಲಿ, ಸುತ್ತ 3 ಮಿ.ಮೀ. ಸಡಿಲ ಇರಲಿ. ಜನವರಿಯಲ್ಲಿ ಬಿಗಿಯಾಗಿ ಕೂತ ಡ್ರಾಯರ್ ಜೂನ್‌ನಲ್ಲಿ ತೆರೆಯುವುದಿಲ್ಲ. ಉದ್ದನೆಯ ಬೆಂಚಿನ ಒಳಹೊಕ್ಕುವ ತುದಿಯ ಒಂದು ಕೋಣೆಯನ್ನು ಬದಿಯಿಂದ ತೆರೆಯುವಂತೆ ಮಾಡಿಸಿದರೆ ಉದ್ದನೆಯ ಸಾಮಾನು ಅಲ್ಲಿ ಮಲಗುತ್ತದೆ.

ಬೆಂಚಿನೊಳಗೆ ಜಾಗವಿದೆಯೆಂದು ಗ್ಯಾಸ್ ಸಿಲಿಂಡರ್ ಮಾತ್ರ ಇಡಬಾರದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಸಿಲಿಂಡರ್ ನೆಟ್ಟಗೆ, ತೆರೆದ ಜಾಗದಲ್ಲಿ, ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ಕಿಂಡಿಯ ಹತ್ತಿರ ಇರಲಿ. ಸೌದೆ ಒಲೆಯನ್ನೂ ಉಳಿಸಿಕೊಳ್ಳುವುದಾದರೆ, ಉಳಿಸಿಕೊಂಡರೆ ಬಹಳ ಒಳ್ಳೆಯದು, ಮಳೆಗಾಲದಲ್ಲಿ ದಿನಕ್ಕೊಮ್ಮೆ ಉರಿಸಿ. ಒಲೆಯ ಬಾಯಿಂದ ಮೆತ್ತೆಗೆ ನಾಲ್ಕು ಅಡಿಯಾದರೂ ದೂರವಿರಲಿ, ಕಿಡಿ ಹಾರುತ್ತದೆ.

ಮೆತ್ತೆಗೆ 40 ಡೆನ್ಸಿಟಿ ಫೋಮ್, ಜಿಪ್ ಇರುವ ಹತ್ತಿಯ ಹೊದಿಕೆ ಎರಡು ಜೊತೆ. ರೆಕ್ಸಿನ್ ಒರೆಸಲು ಸುಲಭ, ಆದರೆ ಅಡಿಯಲ್ಲಿ ಬೆವೆತು ಫೋಮ್ ನಾರುತ್ತದೆ. ಮೆತ್ತೆ ಎರಡು ಅಡಿಯ ತುಂಡುಗಳಾಗಿದ್ದರೆ ಬಿಸಿಲು ಕಂಡಾಗ ಒಬ್ಬರೇ ಹೊರಗೊಯ್ದು ಒಣಗಿಸಬಹುದು.

ಮೇಜು

ಒಂಟಿ ಕಾಲಿನ ಮೇಜಾದರೆ ಬೆಂಚಿನೊಳಗೆ ಸರಿಯಲು ಸುಲಭ, ಡ್ರಾಯರಿಗೂ ಅಡ್ಡ ಬರುವುದಿಲ್ಲ. ಮೇಲ್ಹಲಗೆಗೆ ಕಡಪ ಕಲ್ಲು, ಮಾರ್ಬಲ್ ಎರಡೂ ಬೇಡ. ಇವು ಸುಣ್ಣದ ಅಂಶದ ಕಲ್ಲುಗಳು, ಕಾಚಂಪುಳಿಯ ಒಂದು ಹನಿ ಬಿದ್ದರೂ ಹೊಳಪು ತಿಂದು ಕಲೆ ಉಳಿಯುತ್ತದೆ. ಗ್ರಾನೈಟ್ ಆಗುತ್ತದೆ, ಮರ ಇನ್ನೂ ಚೆಂದ. ಅಟ್ಟದಲ್ಲಿ ಹಳೆ ಪತ್ತಾಯದ (ಭತ್ತ ತುಂಬುವ ಪೆಟ್ಟಿಗೆಯ) ಹಲಗೆ, ಬಾಗಿಲ ರೆಕ್ಕೆ ಬಿದ್ದಿದ್ದರೆ ಅದನ್ನೇ ಬಳಸಿ. ಹತ್ತಾರು ಮಳೆ ಕಂಡ ಚೇಗಿಗೆ ಸಮನಾದ ಮರ ಅಂಗಡಿಯಲ್ಲಿ ಸಿಗುವುದು ಕಷ್ಟ. ಮೊದಲು ಮುರಿದ ಮೊಳೆ ಹುಡುಕಿ ತೆಗೆಸಿ. ಸೂಜಿಮೊನೆಯ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ. ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಹಚ್ಚಿ ಒಣಗಿಸಿ, ಪುಡಿ ಉದುರುವುದು ನಿಂತ ಮೇಲೆಯೇ ಬಳಸಿ. ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆ, ಆದರೆ ಇದೇ ಮದ್ದು ಹಚ್ಚದೆ ಬಳಸಬೇಡಿ.

ಮರ ತಂದ ಕೂಡಲೇ ಕೊಯ್ಯಿಸದೆ, ನಡುವೆ ರೀಪು ಇಟ್ಟು ಪೇರಿಸಿ ಎರಡು ಮೂರು ವಾರ ಮನೆಯೊಳಗೇ ಇಡಿ. 28 ಇಂಚು ಅಗಲದ ಹಲಗೆ ಏಪ್ರಿಲ್‌ಗೂ ಆಗಸ್ಟ್‌ಗೂ ನಡುವೆ ನಾಲ್ಕೈದು ಮಿಲಿಮೀಟರ್ ಹಿಗ್ಗಬಲ್ಲದು. ಅದನ್ನು ಅಡಿಪಟ್ಟಿಗೆ ಅಂಟು ಹಾಕಿ ಬಿಗಿದರೆ ಸೀಳುತ್ತದೆ. ಉದ್ದ ತೂತಿನ ಸ್ಟೀಲ್ ಪಟ್ಟಿಯಿಂದ ಸ್ಕ್ರೂ ಹಾಕಿ, ಜಾರಲು ಜಾಗ ಬಿಡಿ. ಪಾಲಿಶನ್ನು ಆರೂ ಮುಖಕ್ಕೆ ಹಚ್ಚಬೇಕು. ಅಡಿಭಾಗ ಬಿಟ್ಟರೆ ಹಲಗೆ ಒಂದೇ ಕಡೆಯಿಂದ ಒದ್ದೆ ಕುಡಿದು ಬಾಣಲೆಯಂತೆ ಬಾಗುತ್ತದೆ.

ಬೆಳಕು, ಕಿಟಕಿ, ವೈರು

ಕತ್ತಲ ಅಡುಗೆಮನೆಗೆ ಅತಿ ಅಗ್ಗದ ಮದ್ದು ಗಾಜಿನ ಹಂಚು. ಮಂಗಳೂರು ಹಂಚಿನ ಅಚ್ಚಿನಲ್ಲೇ ಸಿಗುತ್ತದೆ. ಮೇಜಿನ ಮೇಲ್ಭಾಗದಲ್ಲಿ ಎರಡು ಮೂರು ಹಂಚು ಬದಲಿಸಿದರೆ ಮಧ್ಯಾಹ್ನ ದೀಪ ಬೇಡ. ಅಟ್ಟ ಅಡ್ಡ ಬಂದರೆ ಮಾತ್ರ ಇದು ಆಗದು. ಕಿಟಕಿ ದೊಡ್ಡದು ಮಾಡಲು ಡಿಸೈನರ್ ಹೇಳಿದರೆ, ಮೇಲಿನ ತೊಲೆ ಎರಡೂ ಬದಿ ಕನಿಷ್ಠ 9 ಇಂಚು ಗೋಡೆಯ ಮೇಲೆ ಕೂರುತ್ತದೆಯೇ, ಆ ಗೋಡೆ ಮಣ್ಣಿನದಾದರೆ ತೊಲೆಯ ತುದಿಗೆ ಕಲ್ಲಿನ ದಿಂಬು ಇದೆಯೇ ಎಂದು ನಕ್ಷೆಯಲ್ಲಿ ತೋರಿಸಲಿ. ಅನುಮಾನವಿದ್ದರೆ ಹಳೆ ಕಿಟಕಿಯನ್ನೇ ಉಳಿಸಿ ಸ್ಟೀಲ್ ಜಾಲರಿಯ ಚೌಕಟ್ಟು ಸೇರಿಸುವುದು ಜಾಣತನ. ಗಾಜಿಗಿಂತ ಗಾಳಿ ಮುಖ್ಯ.

ಮರದ ಪಟ್ಟಿಯೊಳಗೆ ಓಡುವ ಹಳೆ ವೈರಿಗೆ ಹೊಸ ಪ್ಲಗ್ ಸೇರಿಸಬೇಡಿ. ಬೋರ್ಡಿನಿಂದಲೇ 2.5 ಚದರ ಮಿ.ಮೀ. ತಾಮ್ರದ ಹೊಸ ಲೈನು, ಅರ್ತಿಂಗ್, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. 1500 ವ್ಯಾಟಿನ ಕೆಟಲ್ ಆರೂವರೆ ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಪ್ಲಗ್ ಸುಡುತ್ತದೆ. ಆದ್ದರಿಂದ ಮೇಜಿನಿಂದ ಆರು ಇಂಚು ಮೇಲೆ ಒಂದು 16 ಆಂಪಿಯರ್ ಪಾಯಿಂಟ್. ದೀಪ ಮೇಜಿನಿಂದ 30 ಇಂಚು ಮೇಲೆ, 3000 ಕೆಲ್ವಿನ್‌ನ ಬೆಚ್ಚಗಿನ ಬೆಳಕು, ಇನ್ವರ್ಟರ್ ಲೈನಿನಲ್ಲಿ. ಮಳೆಗಾಲದ ಸಂಜೆ ಕರೆಂಟು ಹೋದಾಗ ಮನೆಮಂದಿಯೆಲ್ಲ ಸೇರುವುದು ಅಲ್ಲೇ.

ಕೆಲಸದ ಕಾಲ, ಹಣದ ಕಂತು

ಹೊರಗಿನ ಚರಂಡಿ, ಗಾರೆ ಕೆತ್ತುವುದು ಅಕ್ಟೋಬರ್ ಕೊನೆಗೆ, ಸುಣ್ಣದ ಗಾರೆ ಡಿಸೆಂಬರ್‌ಗೆ. ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಅಡುಗೆಮನೆ ಬಳಕೆಗೆ ಬೇಕು, ಆ ವಾರ ಕೆಲಸ ನಿಲ್ಲಿಸುವುದೆಂದು ಮೊದಲೇ ಹೇಳಿಬಿಡಿ. ಅರೇಬಿಕಾ ಕೊಯ್ಲು ಶುರುವಾದರೆ, ಅದರ ಹಿಂದೆ ರೊಬಸ್ಟಾ ಬಂದರೆ, ಮಾರ್ಚ್‌ವರೆಗೆ ಕೂಲಿಯಾಳು ಸಿಗುವುದು ಕಷ್ಟ. ಹಾಗಾಗಿ ಮೇಸ್ತ್ರಿಗೆ ಸೆಪ್ಟೆಂಬರ್‌ನಲ್ಲೇ ಮುಂಗಡ ಕೊಟ್ಟಿಡಿ. ಮರಗೆಲಸ ಜನವರಿ, ಫೆಬ್ರವರಿ. ಪಾಲಿಶ್ ಒಣಹವೆಯಲ್ಲೇ ಆಗಬೇಕು. ಕಾಫಿ ಹೂ ಅರಳಿಸುವ ಹೂಮಳೆಯ ದಿನ ಹಚ್ಚಿದರೆ ಬಿಳಿಮಂಜು ಹಿಡಿದಂತೆ ಕಾಣುತ್ತದೆ.

ಹಣವನ್ನು ಐದು ಕಂತಾಗಿ ಮಾಡಿ: ನಕ್ಷೆ ಒಪ್ಪಿದಾಗ ನೂರಕ್ಕೆ 20, ಗಾರೆ ಮುಗಿದಾಗ 25, ಚೌಕಟ್ಟು ನಿಂತಾಗ 25, ಕೆಲಸ ಮುಗಿದಾಗ 20. ಉಳಿದ 10 ಬರುವ ಆಗಸ್ಟ್‌ಗೆ. ಡಿಸೈನರೂ ಬಡಗಿಯೂ ಇದಕ್ಕೆ ಮೊದಲೇ ಸಹಿ ಹಾಕಿರಲಿ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವ ಹೊತ್ತಿಗೆ, ಎಲ್ಲ ಡ್ರಾಯರ್ ಎಳೆದು ನೋಡಿ, ಬೆಂಚಿನ ಹಿಂದಿನ ಸಂದಿಗೆ ಟಾರ್ಚ್ ಬಿಡಿ, ಮೆತ್ತೆ ಮಗುಚಿ, ಗೋಡೆಯ ಮೇಲೆ ಹೋದ ವರ್ಷ ಒದ್ದೆ ಏರಿದ್ದ ಎತ್ತರಕ್ಕೆ ಹೋಲಿಸಿ. ಡ್ರಾಯರ್ ಬಿಗಿದಿದ್ದರೆ ಬಡಗಿ ಅಂಚು ಒಂದು ಮಿಲಿಮೀಟರ್ ಹತ್ತರಿ ಹೊಡೆದು ಮತ್ತೆ ಸೀಲರ್ ಹಚ್ಚಲಿ. ಒದ್ದೆ ಹಿಂದಿನ ಎತ್ತರಕ್ಕೇ ಏರಿದ್ದರೆ ತೊಂದರೆ ಹೊರಗಿನ ಪೈಪಿನಲ್ಲಿದೆ: ಮಳೆ ಸುರಿಯುವಾಗ ಅದರ ಬಾಯಲ್ಲಿ ನೀರು ಬರುತ್ತಿದೆಯೇ ನೋಡಿ. ಬರುತ್ತಿಲ್ಲವಾದರೆ ಪೈಪು ಕಟ್ಟಿಕೊಂಡಿದೆ ಇಲ್ಲವೇ ಇಳಿಜಾರು ತಪ್ಪಿದೆ, ಅದನ್ನು ಸರಿಮಾಡಿಸಿದ ಮೇಲೆಯೇ ಕೊನೆಯ ಕಂತು ಕೊಡಿ.